ಯಾವ ದಿನಕ್ಕೆ ಮರಳಿಸೋಣ?

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ನಮ್ಮ ಹಿರಿಯರು ಎಚ್ಚರಿಸುತ್ತಾರೆ. ಕೆಲವು ಸಂಗತಿಗಳು ಒಮ್ಮೆ ಕೆಟ್ಟರೆ ಮೊದಲಿನಂತಾಗುವುದಿಲ್ಲ. ಆದರೆ ಪ್ರಿಯ ಓದುಗರೇ, ಕೆಟ್ಟದ್ದನ್ನು ಸರಿಪಡಿಸುವುದೆಂದರೆ ಅದನ್ನು ಮೊದಲಿನಂತೆ ಮಾಡುವುದು ಎಂದೇ ಅರ್ಥವೇ? ಹಾಗಿದ್ದರೆ ಯಾವ ದಿನದ ಮೊದಲಿನಂತೆ? ಒಂದು ಹಳೆಯ ಬಾಸ್ ಗಿಟಾರಿನ ಕಥೆಯನ್ನು ಮುಂದಿಟ್ಟುಕೊಂಡು ಇದನ್ನು ಯೋಚಿಸೋಣ.

ಬಾಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕೇ ತಂತಿ. ದನಿ ತಗ್ಗು. ಹಾಡುವವರ ಕಂಠದಂತೆ ಅದು ಎದ್ದು ಕೇಳುವುದಿಲ್ಲ. ಆದರೂ ಅದು ನಿಂತುಬಿಟ್ಟರೆ ಹಾಡಿನ ಅಡಿಪಾಯವೇ ಸಡಿಲವಾದಂತೆ ಅನಿಸುತ್ತದೆ. ಇಂಗ್ಲೆಂಡಿನ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಇನ್ನೂ ಹೆಸರಾಗದಿದ್ದಾಗ, 1961ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಇಂಥದೊಂದು ವಾದ್ಯವನ್ನು ಸುಮಾರು 30 ಪೌಂಡಿಗೆ ಕೊಂಡರು. ಅದು ಹಾಫ್ನರ್ ಕಂಪನಿಯದು. ಪಿಟೀಲಿನ ಆಕಾರದ, ಒಳಗೆ ಟೊಳ್ಳಾದ ಹಗುರ ವಾದ್ಯ. ಅವರು ಎಡಗೈಯಲ್ಲಿ ನುಡಿಸುವವರು. ಎರಡೂ ಬದಿ ಸಮವಾಗಿದ್ದ ಆ ಆಕಾರ ಅವರಿಗೆ ಒಪ್ಪಿತು. ತಂಡದ ಮೊದಲ ಧ್ವನಿಮುದ್ರಿಕೆಗಳಲ್ಲಿ ಕೇಳಿಸುವುದು ಅದರ ದನಿಯೇ. 1964ರಲ್ಲಿ ಅದಕ್ಕೆ ಹೊಸದಾಗಿ ಬಣ್ಣ ಹಾಕಿಸಿದರು. 1972ರ ಅಕ್ಟೋಬರಿನಲ್ಲಿ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಒಂದು ವ್ಯಾನಿನೊಳಗಿಂದ ಅದು ಕಳುವಾಯಿತು.

ಐವತ್ತು ವರ್ಷ ಅದರ ಸುಳಿವೇ ಇರಲಿಲ್ಲ. 2023ರಲ್ಲಿ ಕೆಲವರು ಅದನ್ನು ಹುಡುಕಲು ಸಾರ್ವಜನಿಕರ ನೆರವು ಕೇಳಿದರು. ಕೊನೆಗೆ ಅದು ಸಿಕ್ಕಿದ್ದು ಒಂದು ಮನೆಯ ಅಟ್ಟದಲ್ಲಿ, ತನ್ನ ಹಳೆಯ ಪೆಟ್ಟಿಗೆಯೊಳಗೆ. ಮನೆಯವರು ಅದನ್ನು ಹಿಂದಿರುಗಿಸಿದರು. ಹಾಫ್ನರ್ ಕಂಪನಿಯವರು ಪರೀಕ್ಷಿಸಿ, ಅದೇ ವಾದ್ಯವೆಂದು ಖಚಿತಪಡಿಸಿದರು. 2024ರ ಫೆಬ್ರವರಿಯಲ್ಲಿ ಸುದ್ದಿ ಪ್ರಕಟವಾಯಿತು. ಆದರೆ ಆಗ ಅದು ನುಡಿಸುವ ಸ್ಥಿತಿಯಲ್ಲಿರಲಿಲ್ಲ, ದುರಸ್ತಿ ಬೇಕಿತ್ತು.

ನಮ್ಮ ಪ್ರಶ್ನೆ ಬರುವುದು ಇಲ್ಲಿಯೇ. ಈ ವಾದ್ಯವನ್ನು ಯಾವ ಸ್ಥಿತಿಗೆ ಮರಳಿಸಬೇಕು? 1961ರಲ್ಲಿ ಅಂಗಡಿಯಲ್ಲಿ ಹೊಳೆಯುತ್ತಿದ್ದ ಸ್ಥಿತಿಗೋ? 1964ರ ಬಣ್ಣಕ್ಕೋ? ಕಳುವಾದ ದಿನಕ್ಕೋ? ಪ್ರತಿಯೊಂದನ್ನೂ ‘ಅಸಲು’ ಎಂದು ವಾದಿಸಬಹುದು. ಒಂದನ್ನು ಆರಿಸಿದರೆ ಉಳಿದ ವರ್ಷಗಳನ್ನು ಉಜ್ಜಿ ಅಳಿಸಬೇಕಾಗುತ್ತದೆ.

ಹಳೆಯ ವಾದ್ಯಗಳನ್ನು ಸರಿಪಡಿಸುವ ಒಳ್ಳೆಯ ಕೆಲಸಗಾರರನ್ನು ಗಮನಿಸಿ. ಅವರು ಮೊದಲು ಕೇಳುವುದು ‘ಇದು ಹೇಗೆ ಕಾಣಬೇಕು?’ ಎಂದಲ್ಲ, ‘ಇದರ ದನಿಗೆ ಏನು ಅಡ್ಡಿಯಾಗಿದೆ?’ ಎಂದು. ತಂತಿಗಳ ಎಳೆತಕ್ಕೆ ವರ್ಷಗಟ್ಟಲೆ ಸಿಕ್ಕಿದ ಕತ್ತು ಬಾಗಿರುತ್ತದೆ. ಬೆರಳೊತ್ತುವ ಲೋಹದ ಮೆಟ್ಟುಗಳು ಸವೆದಿರುತ್ತವೆ. ಒಳಗಿನ ವೈರಿನ ಬೆಸುಗೆ ಬಿಟ್ಟಿರುತ್ತದೆ. ದನಿ ಹೆಚ್ಚು ಕಡಿಮೆ ಮಾಡುವ ಗುಂಡಿಯಲ್ಲಿ ಧೂಳು ಸೇರಿ ಕರಕರ ಎನ್ನುತ್ತದೆ. ಇವನ್ನು ಸರಿಪಡಿಸಲೇಬೇಕು. ಆದರೆ ತೋಳು ಉಜ್ಜಿ ಬಣ್ಣ ಮಾಸಿದ ಜಾಗ, ಅಂಚಿಗೆ ಬಿದ್ದ ಪೆಟ್ಟಿನ ಗುರುತು ದನಿಗೆ ಅಡ್ಡಿಯಲ್ಲ. ಅವನ್ನು ಅವರು ಹಾಗೆಯೇ ಬಿಡುತ್ತಾರೆ.

ಇನ್ನೊಂದು ವಿಷಯ. ಅನೇಕ ಗಿಟಾರುಗಳ ಕತ್ತಿನೊಳಗೆ ಒಂದು ಉಕ್ಕಿನ ಸರಳು ಇರುತ್ತದೆ. ಅದನ್ನು ತಿರುಗಿಸಿ ಬಾಗನ್ನು ತಿದ್ದಬಹುದು. ಅನುಭವಿಗಳು ಕಾಲು ಸುತ್ತು ತಿರುಗಿಸಿ ನಿಲ್ಲಿಸುತ್ತಾರೆ. ಮರಕ್ಕೆ ಹೊಂದಿಕೊಳ್ಳಲು ಹೊತ್ತು ಕೊಟ್ಟು, ಆಮೇಲೆ ಮತ್ತೆ ಅಳೆದು ನೋಡುತ್ತಾರೆ. ಎಷ್ಟೋ ವರ್ಷಗಳಲ್ಲಿ ಬಾಗಿದ್ದನ್ನು ಒಂದೇ ಸಂಜೆಯಲ್ಲಿ ನೆಟ್ಟಗೆ ಮಾಡಲು ಹೊರಟರೆ ಸರಳು ಮುರಿಯಬಹುದು, ಮರವೇ ಸೀಳಬಹುದು.

ನಮ್ಮ ಮನೆಗಳಲ್ಲಿಯೂ ಇಂಥ ದುರಸ್ತಿಯ ಗಳಿಗೆ ಬರುತ್ತದೆ. ಆಸ್ತಿ ಪಾಲಿನ ಜಗಳದಲ್ಲಿ ಹತ್ತು ವರ್ಷ ಮಾತು ಬಿಟ್ಟ ಅಣ್ಣ ಒಂದು ದಿನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಕುಡಿತ ಬಿಟ್ಟ ಮಗ ಚಿಕಿತ್ಸೆ ಮುಗಿಸಿ ಮನೆಗೆ ಬರುತ್ತಾನೆ. ನಾವು ಸಂತೋಷಪಡುತ್ತೇವೆ, ನಿಜ. ಆದರೆ ಒಳಗೊಳಗೇ ಒಂದು ಷರತ್ತು ಹಾಕಿರುತ್ತೇವೆ: ಅವನು ಹಿಂದಿನ ಹಾಗೆಯೇ ಇರಬೇಕು. ನಮ್ಮ ನೆನಪಿನಲ್ಲಿರುವ ಆ ಹದಿನೆಂಟರ ಹುಡುಗನೇ ಬೇಕು. ಬಂದವನ ಕೂದಲು ನರೆತಿದೆ, ಮಾತು ಕಡಿಮೆಯಾಗಿದೆ, ನಗುವುದಕ್ಕೆ ಹಿಂಜರಿಯುತ್ತಾನೆ. ‘ಇವನು ನಮ್ಮವನಲ್ಲ’ ಎಂದು ನಿಟ್ಟುಸಿರು ಬಿಡುತ್ತೇವೆ. ಇದು ನ್ಯಾಯವೇ?

ಹಾಗೆಂದು ಎಲ್ಲವನ್ನೂ ‘ಆದದ್ದಾಯಿತು’ ಎಂದು ಮುಚ್ಚಿಡುವುದೂ ದುರಸ್ತಿಯಲ್ಲ. ಬಿಟ್ಟುಹೋದ ಬೆಸುಗೆಯ ಮೇಲೆ ಬಣ್ಣ ಬಳಿದರೆ ದನಿ ಬರುವುದಿಲ್ಲ. ಕೊಡಬೇಕಾದ ಪಾಲನ್ನು ಕೊಡಬೇಕು, ಆಡಿದ ಸುಳ್ಳನ್ನು ಒಪ್ಪಿಕೊಳ್ಳಬೇಕು. ಆ ಗಿಟಾರಿನ ದುರಸ್ತಿಯೂ ಅದು ತನ್ನ ಒಡೆಯನ ಕೈ ಸೇರಿದ ಮೇಲೆಯೇ ಸಾಧ್ಯವಾಯಿತು ಎಂಬುದನ್ನು ಮರೆಯಬಾರದು. ಅಡ್ಡಿ ಯಾವುದು, ಗುರುತು ಯಾವುದು ಎಂದು ಬೇರ್ಪಡಿಸಿ ನೋಡುವುದೇ ಇಲ್ಲಿ ನಿಜವಾದ ವಿವೇಕ. ಅಡ್ಡಿಯನ್ನು ತೆಗೆಯೋಣ, ಗುರುತನ್ನು ಸಹಿಸೋಣ.

ಮೆಕಾರ್ಟ್ನಿಯವರ ಬಳಿ 1963ರಿಂದಲೇ ಅದೇ ಮಾದರಿಯ ಇನ್ನೊಂದು ಬಾಸ್ ಇದೆ. ಲೋಕವೆಲ್ಲ ಸುತ್ತಿ ಅವರು ನುಡಿಸುತ್ತ ಬಂದದ್ದು ಬಹುಪಾಲು ಅದನ್ನೇ. ಹಾಗಾಗಿ ಹಳೆಯದಿಲ್ಲದೆ ಅವರ ಕೆಲಸವೇನೂ ನಿಂತಿರಲಿಲ್ಲ. ಆದರೂ 2024ರ ಡಿಸೆಂಬರಿನಲ್ಲಿ, ಲಂಡನ್ನಿನ ವೇದಿಕೆಯ ಮೇಲೆ, ತಮ್ಮ 82ನೆಯ ವಯಸ್ಸಿನಲ್ಲಿ, ಅವರು ಆ ಹಳೆಯ ವಾದ್ಯವನ್ನು ಮತ್ತೆ ನುಡಿಸಿದರು. ನುಡಿಸಿದ ಕೈಗೂ ವಯಸ್ಸಾಗಿತ್ತು, ವಾದ್ಯಕ್ಕೂ ವಯಸ್ಸಾಗಿತ್ತು. ಇಬ್ಬರೂ 1961ಕ್ಕೆ ಮರಳಲಿಲ್ಲ. ಆದರೆ ದನಿ ಮರಳಿತು.

ಓದುಗರೇ, ನಿಮ್ಮ ಮನೆಯ ಅಟ್ಟದಲ್ಲಿಯೂ ನುಡಿಯದೆ ಬಿದ್ದ ಒಂದು ಸಂಬಂಧ ಇರಬಹುದು. ಬದಲಿಗೆ ಬೇರೆಯವರು ಸಿಕ್ಕಿದ್ದಾರೆ, ಬದುಕು ಸಾಗುತ್ತಿದೆ ಎಂದು ಸುಮ್ಮನಿದ್ದೀರಾ? ಈ ವಾರ ಅದನ್ನು ಕೆಳಗಿಳಿಸಿ, ಧೂಳು ಒರೆಸಿ ನೋಡಿ. ಮೊದಲ ದಿನವೇ ಹಾಡು ಬರಬೇಕೆಂದು ಕಾಯಬೇಡಿ. ಕಾಲು ಸುತ್ತು ತಿರುಗಿಸಿ, ಸ್ವಲ್ಪ ಹೊತ್ತು ಕೊಡಿ.