ಹರಸುವವರ ಹೊಣೆ

ನಮ್ಮ ಭಾಗ್ಯನಗರದ ಮಗ್ಗದ ಮನೆಯಿಂದ ಬಂದ ಹುಡುಗನೊಬ್ಬ ನನ್ನ ಹತ್ತಿರ ಓದಿ ಸೈನ್ಯ ಸೇರಿದ. ಹೊರಡುವ ಹಿಂದಿನ ದಿನ ಮನೆಗೆ ಬಂದು ಕಾಲಿಗೆ ನಮಸ್ಕರಿಸಿದ. 'ನಿನ್ನ ಕರ್ತವ್ಯ ನೀನು ಮಾಡಪ್ಪಾ, ಉಳಿದದ್ದು ದೇವರಿಗೆ ಬಿಡು' ಎಂದು ಹರಸಿದೆ. ಪರೀಕ್ಷೆಗೆ ಹೋಗುವ ಮಕ್ಕಳಿಗೆಲ್ಲ ಹೇಳಿ ಹೇಳಿ ರೂಢಿಯಾಗಿದ್ದ ಮಾತು ಅದು.

ಕೆಲವು ವರ್ಷಗಳ ನಂತರ ರಜೆಯ ಮೇಲೆ ಬಂದವನು ಚಹಾ ಕುಡಿಯುತ್ತ ಅಲ್ಲಿಯ ಸುದ್ದಿ ಹೇಳಿದ. ಸೈನ್ಯದಲ್ಲಿ ಪಂಡಿತರು, ಮೌಲ್ವಿಗಳು, ಗ್ರಂಥಿಗಳು, ಪಾದ್ರಿಗಳು ಇರುತ್ತಾರಂತೆ. ಒಂದೇ ಸೂರಿನಡಿ ಎಲ್ಲರ ಪ್ರಾರ್ಥನೆ ನಡೆಯುವ 'ಸರ್ವಧರ್ಮ ಸ್ಥಳ'ವೂ ಉಂಟಂತೆ. ಆಮೇಲೆ ತುಸು ಹೊತ್ತು ಸುಮ್ಮನಿದ್ದು ಕೇಳಿದ: 'ಟೀಚರ್, ಉಳಿದದ್ದು ದೇವರಿಗೆ ಬಿಡು ಅಂದಿದ್ರಿ. ಆದ್ರ ಗುಂಡು ಹಾರಿಸಿದ ಕೈ ನಂದ ಅಲ್ರೀ?'

ನನ್ನಲ್ಲಿ ಉತ್ತರವಿರಲಿಲ್ಲ. ಕಪ್ಪಿಗೆ ಇನ್ನಷ್ಟು ಚಹಾ ಹಾಕಿದೆ.

ಆ ಪ್ರಶ್ನೆ ಮನಸ್ಸಿನಲ್ಲಿ ಉಳಿದಿದ್ದರಿಂದಲೇ ಇರಬೇಕು, ಮುಂಬಯಿಯ ಆರ್ಚ್‌ಬಿಷಪ್ ಆಗಿದ್ದ ಥಾಮಸ್ ರಾಬರ್ಟ್ಸ್ ಅವರ ವಿಷಯ ಓದಿದಾಗ ಪುಸ್ತಕ ಕೆಳಗಿಡಲಾಗಲಿಲ್ಲ. 1893ರಲ್ಲಿ ಹುಟ್ಟಿದ ಈ ಇಂಗ್ಲಿಷ್ ಜೆಸ್ವಿಟ್ ಪಾದ್ರಿ 1937ರಲ್ಲಿ ಆ ಪೀಠಕ್ಕೆ ಬಂದರು. ಎರಡನೆಯ ಮಹಾಯುದ್ಧದಲ್ಲಿ ಭಾರತ ಮತ್ತು ಬರ್ಮಾದಲ್ಲಿದ್ದ ಬ್ರಿಟಿಷ್ ಪಡೆಗಳ ಕ್ಯಾಥೊಲಿಕ್ ಸೈನಿಕರ ಧಾರ್ಮಿಕ ಹೊಣೆಯನ್ನು ಹೊತ್ತರು. ಪೀಠದಲ್ಲಿ ಭಾರತೀಯರೇ ಇರಬೇಕೆಂದು ತಾವಾಗಿ ಹಿಂದೆ ಸರಿದರು. 1950ರಲ್ಲಿ ವಲೇರಿಯನ್ ಗ್ರೇಸಿಯಸ್ ಆರ್ಚ್‌ಬಿಷಪ್ ಆದರು.

ಸೈನಿಕರ ನಡುವೆ ಓಡಾಡಿದ ಈ ಮನುಷ್ಯ ಮುಂದೆ ಅಣುಬಾಂಬನ್ನು ವಿರೋಧಿಸಿದರು. ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, ಆತ್ಮಸಾಕ್ಷಿ ಒಪ್ಪದೆ ಯುದ್ಧವನ್ನು ನಿರಾಕರಿಸುವವನ ಹಕ್ಕಿಗಾಗಿ ವಾದಿಸಿದರು. ಫ್ರಾಂಜ್ ಯೇಗರ್‌ಸ್ಟೆಟರ್ ಎಂಬ ಆಸ್ಟ್ರಿಯಾದ ರೈತನ ಕಥೆಯನ್ನು ನೆನಪಿಸಿದರು. ಹಿಟ್ಲರನಿಗಾಗಿ ಹೋರಾಡಲಾರೆ ಎಂದಿದ್ದ ಆ ರೈತನಿಗೆ ಅವನ ಬಿಷಪ್ಪರು ಹೆಂಡತಿ ಮಕ್ಕಳ ಮುಖ ನೋಡು ಎಂದೇ ಬುದ್ಧಿ ಹೇಳಿದ್ದರು. ಅವನು ಒಪ್ಪಲಿಲ್ಲ. 1943ರ ಆಗಸ್ಟ್ 9ರಂದು ಅವನ ತಲೆ ಕಡಿಯಲಾಯಿತು. ಬಿಷಪ್ಪರದು ಕೆಟ್ಟ ಮನಸ್ಸಲ್ಲ. ನನ್ನಂತೆಯೇ ರೂಢಿಯ ಮಾತು ಆಡಿದರು, ಅಷ್ಟೆ.

ಎಲ್ಲರೂ ರಾಬರ್ಟ್ಸ್ ಕಂಡದ್ದನ್ನೇ ಕಾಣಲಿಲ್ಲ. ಅಮೆರಿಕದ ಪ್ಯಾರಾಶೂಟ್ ಪಡೆಯ ಪಾದ್ರಿಯಾಗಿದ್ದ ಫಿಲಿಪ್ ಹ್ಯಾನನ್ 1945ರಲ್ಲಿ ನಾಜಿಗಳ ಸೆರೆಶಿಬಿರದಲ್ಲಿ ಹಸಿವಿನಿಂದ ಸಾಯುತ್ತಿದ್ದವರನ್ನು ಕಣ್ಣಾರೆ ಕಂಡವರು. 1965ರಲ್ಲಿ ನ್ಯೂ ಆರ್ಲಿಯನ್ಸ್‌ನ ಆರ್ಚ್‌ಬಿಷಪ್ ಆದ ಅವರು, ಅದೇ ಮಹಾಸಭೆಯಲ್ಲಿ ಅಣ್ವಸ್ತ್ರಗಳ ಖಂಡನೆಯನ್ನು ವಿರೋಧಿಸಿದರು. ಶಸ್ತ್ರವಿಲ್ಲದೆ ಸ್ವಾತಂತ್ರ್ಯ ಉಳಿಯದು ಎಂಬುದು ಅವರ ನಿಲುವು. ಆ ಶಿಬಿರವನ್ನು ನೋಡಿದವರಿಗೆ ಹಾಗೆ ತೋರಿದ್ದರೆ ಅದನ್ನು ಸುಳ್ಳೆನ್ನಲು ನಾನಾರು? ಕೊನೆಗೆ ಇಡೀ ನಗರಗಳನ್ನು ಜನರ ಸಮೇತ ನಾಶಮಾಡುವುದು ದೇವರಿಗೂ ಮನುಷ್ಯನಿಗೂ ಎಸಗುವ ಅಪರಾಧವೆಂದು ಮಹಾಸಭೆ ಸಾರಿತು. ಯುದ್ಧ ನಿರಾಕರಿಸುವವರ ಬಗ್ಗೆ ಕಾನೂನು ಮಾನವೀಯವಾಗಿರಬೇಕೆಂದೂ ಹೇಳಿತು.

ಸೈನಿಕನಿಗೆ ಸಮಾಧಾನ ಹೇಳುವವರು ಬೇಡವೆಂದು ನಾನು ಹೇಳಲಾರೆ. ಹಿಮದಲ್ಲಿ ಕಾವಲು ನಿಂತವನಿಗೆ ಒಂದು ಒಳ್ಳೆಯ ಮಾತು ಬೇಕೇ ಬೇಕು. ಆದರೆ ಸೈನಿಕನನ್ನು ಹರಸುವುದು ಬೇರೆ, ಯುದ್ಧವನ್ನು ಹರಸುವುದು ಬೇರೆ. ಅವನ ಸಂಕಟವನ್ನು ಹತ್ತಿರದಿಂದ ಕಂಡವರು, ಅವನನ್ನು ಕಳಿಸುವವರ ಎದುರಿಗೂ ಬಾಯಿ ತೆರೆಯಬೇಕು. ರಾಬರ್ಟ್ಸ್ ಅದನ್ನು ಮಾಡಿದರು.

ಕೊಪ್ಪಳದ ಗವಿಮಠದ ಬೆಟ್ಟಕ್ಕೆ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಅಶೋಕನ ಶಾಸನ ತೋರಿಸುತ್ತೇನೆ. ಅದರಲ್ಲಿ ಕಳಿಂಗದ ಮಾತಿಲ್ಲ. ಆ ಪಶ್ಚಾತ್ತಾಪ ಬೇರೆ ಕಡೆಯ ಬಂಡೆಗಳ ಮೇಲಿದೆ. ರಾಜನ ದುಃಖವೇನೋ ಕಲ್ಲಿನಲ್ಲಿ ಉಳಿಯಿತು. ಅವನ ಆಜ್ಞೆಯಂತೆ ಕತ್ತಿ ಬೀಸಿದ ಸೈನಿಕರ ದುಃಖವನ್ನು ಬರೆದವರಾರು?

ಆ ಹುಡುಗ ಈಗ ನಿವೃತ್ತನಾಗಿ ಊರಿಗೆ ಬಂದಿದ್ದಾನೆ. ಮೊನ್ನೆ ಸಿಕ್ಕಾಗ ಹಳೆಯ ಪ್ರಶ್ನೆಯನ್ನು ನಾನೇ ಎತ್ತಿದೆ. 'ಹೌದಪ್ಪಾ, ಕೈ ನಿನ್ನದೇ. ಆದರೆ ಹರಸಿ ಕಳಿಸಿದವಳು ನಾನು. ಅದರಲ್ಲಿ ನನ್ನ ಪಾಲೂ ಇದೆ' ಎಂದೆ. ಅವನು ಏನೂ ಹೇಳಲಿಲ್ಲ. ಆದರೆ ಅಂದು ಬಹಳ ಹೊತ್ತು ಕುಳಿತು, ಇಷ್ಟು ವರ್ಷ ಹೇಳದಿದ್ದುದನ್ನೆಲ್ಲ ಹೇಳಿ ಹೋದ.