ಭೇದವು ದೋಷವೋ, ಸ್ವಭಾವವೋ?

ಭೇದವೆಂಬ ಶಬ್ದಕ್ಕೆ ನಮ್ಮ ದರ್ಶನಪರಂಪರೆಯಲ್ಲಿ ಎಲ್ಲೆಡೆಯೂ ಒಂದೇ ಬೆಲೆಯಿಲ್ಲ. ಅದ್ವೈತಿಗಳಿಗೆ ಅದು ಅವಿದ್ಯೆಯ ಕಾರ್ಯ. ಮಧ್ವಮತದಲ್ಲಿ ಐದು ಬಗೆಯ ಭೇದಗಳೂ ಸತ್ಯ. ವೈಶೇಷಿಕರಂತೂ ‘ವಿಶೇಷ’ವನ್ನೇ ಒಂದು ಪದಾರ್ಥವನ್ನಾಗಿ ಎಣಿಸಿ ಅದರಿಂದಲೇ ತಮ್ಮ ದರ್ಶನಕ್ಕೆ ಹೆಸರನ್ನು ಪಡೆದರು. ಈ ವಾದಗಳ ಜಯಾಪಜಯವನ್ನು ನಿರ್ಣಯಿಸುವ ಉದ್ದೇಶ ಇಲ್ಲಿ ನಮಗಿಲ್ಲ. ವೇದಾಂತಗ್ರಂಥಗಳಲ್ಲಿ ಬರುವ ಒಂದು ವಿಭಾಗವನ್ನು ಮಾತ್ರ ಅವರಿಂದ ಕಡ ಪಡೆಯುತ್ತೇವೆ. ಮರಕ್ಕೂ ಕಲ್ಲಿಗೂ ಇರುವುದು ವಿಜಾತೀಯ ಭೇದ; ಒಂದು ಮರಕ್ಕೂ ಇನ್ನೊಂದು ಮರಕ್ಕೂ ಇರುವುದು ಸಜಾತೀಯ ಭೇದ; ಒಂದೇ ಮರದಲ್ಲಿ ಎಲೆ, ಹೂ, ಹಣ್ಣುಗಳಾಗಿ ತೋರುವುದು ಸ್ವಗತ ಭೇದ. ಬ್ರಹ್ಮದಲ್ಲಿ ಈ ಮೂರೂ ಇಲ್ಲವೆಂದು ತಿಳಿಸುವುದಕ್ಕಾಗಿ ಹೇಳಿದ ಈ ವಿಭಾಗವು, ಕಳೆದ ಎರಡು ಶತಮಾನಗಳಲ್ಲಿ ನಾನಾ ಶಾಸ್ತ್ರಗಳು ವ್ಯತ್ಯಾಸವನ್ನು ಹೇಗೆ ಅಭ್ಯಸಿಸಿದವೆಂಬುದನ್ನು ಅರಿಯಲು ಆಶ್ಚರ್ಯಕರವಾಗಿ ಒದಗುತ್ತದೆ.

ಲೋಕರೂಢಿಯಲ್ಲಿ ಮೊದಲು ಎದ್ದು ಕಾಣುವುದು ವಿಜಾತೀಯ ಭೇದವೇ. ಒಂದೇ ಜಾತಿಯ ವಸ್ತುಗಳೊಳಗಣ ವ್ಯತ್ಯಾಸವನ್ನು ಮಾತ್ರ ನಾವು ಲೋಪವೆಂದು ಬಗೆಯುತ್ತೇವೆ. ಹೀಗಿರಬೇಕಾದುದು ಹಾಗಾಗಿದೆ ಎನ್ನುತ್ತೇವೆ. ಈ ಎಣಿಕೆ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು? ಇದು ಕೇವಲ ತರ್ಕದ ಪ್ರಶ್ನೆಯಲ್ಲ. ಇದರ ಉತ್ತರವನ್ನವಲಂಬಿಸಿ ಮನುಷ್ಯರ ಅನ್ನ, ಮಾನ, ಸಂತಾನಗಳು ನಿಂತಿವೆ.

ಇಂಗ್ಲೆಂಡಿನ ಗ್ರೀನಿಚ್ ವೇಧಶಾಲೆಯಲ್ಲಿ 18ನೆಯ ಶತಮಾನದ ಕೊನೆಯಲ್ಲಿ ನೆವಿಲ್ ಮ್ಯಾಸ್ಕಲಿನ್ ಎಂಬವರು ರಾಜಖಗೋಲಜ್ಞರಾಗಿದ್ದರು. ಅವರ ಸಹಾಯಕ ಡೇವಿಡ್ ಕಿನ್ನೆಬ್ರೂಕ್. ದೂರದರ್ಶಕದೊಳಗಿನ ತಂತಿಯನ್ನು ನಕ್ಷತ್ರವು ದಾಟುವ ಕ್ಷಣವನ್ನು ಕಣ್ಣಿನಿಂದ ನೋಡುತ್ತ, ಗಡಿಯಾರದ ಬಡಿತವನ್ನು ಕಿವಿಯಿಂದ ಕೇಳುತ್ತ, ಸೆಕೆಂಡಿನ ಹತ್ತನೆಯ ಒಂದಂಶದವರೆಗೆ ಕಾಲವನ್ನು ಗುರುತಿಸುವುದು ಅಂದಿನ ಪದ್ಧತಿ. ಸಹಾಯಕನ ಲೆಕ್ಕವು ಯಜಮಾನನ ಲೆಕ್ಕಕ್ಕಿಂತ ಹಿಂದೆ ಬೀಳುತ್ತ ಬಂದು, ಅಂತರವು ಸುಮಾರು 0.8 ಸೆಕೆಂಡಿಗೆ ಮುಟ್ಟಿತು. ಎಚ್ಚರಿಸಿದರೂ ಅದು ಸರಿಹೋಗಲಿಲ್ಲ. 1796ರಲ್ಲಿ ಕಿನ್ನೆಬ್ರೂಕ್ ಕೆಲಸದಿಂದ ಬಿಡುಗಡೆ ಹೊಂದಿದನು. ಮುಂದೆ 1820ರ ದಶಕದಲ್ಲಿ ಜರ್ಮನ್ ವಿದ್ವಾಂಸ ಬೆಸೆಲ್ ಈ ದಾಖಲೆಯನ್ನು ಆಧರಿಸಿ, ತನ್ನನ್ನೂ ಇತರ ನಿಪುಣ ವೀಕ್ಷಕರನ್ನೂ ಹೋಲಿಸಿ ನೋಡಿದಾಗ, ಯಾವ ಇಬ್ಬರ ಗಣನೆಯೂ ಒಂದಾಗಲಿಲ್ಲ. ಕೆಲವರ ನಡುವಣ ಅಂತರ ಒಂದು ಸೆಕೆಂಡನ್ನೂ ಮೀರಿತು. ಕಣ್ಣು ಕಿವಿಗಳನ್ನು ಕೂಡಿಸುವ ಮನಸ್ಸಿನ ಕ್ರಿಯೆಯೇ ಪ್ರತಿಯೊಬ್ಬನಲ್ಲಿ ಬೇರೆ. ಸಹಾಯಕನ ಅಲಕ್ಷ್ಯವೆಂದು ತಿಳಿದದ್ದು ಅವನ ಸ್ವಭಾವವಾಗಿತ್ತು. ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಅಂತರವೆಂಬುದು ಇಬ್ಬರಿಗೂ ಸೇರಿದ್ದು. ಅದನ್ನು ಒಬ್ಬನ ತಲೆಗೆ ಕಟ್ಟಿದ್ದು ಪದವಿ. ಕಿನ್ನೆಬ್ರೂಕ್ 1802ರಲ್ಲಿಯೇ ತೀರಿಕೊಂಡಿದ್ದನು. ಬೆಸೆಲ್‌ನ ಶೋಧ ಅವನ ಕಿವಿಗೆ ಬೀಳಲಿಲ್ಲ.

ಖಗೋಲಜ್ಞರು ತಮ್ಮ ಕ್ಷೇತ್ರದಲ್ಲಿ ಭೇದವನ್ನು ದೋಷವೆಂದು ಕರೆದುದಕ್ಕೆ ನ್ಯಾಯವಾದ ಕಾರಣವಿತ್ತು. ನಕ್ಷತ್ರವೊಂದೇ, ನೂರು ಸಲ ಅಳೆದರೆ ನೂರು ಉತ್ತರಗಳು ಬರುತ್ತವೆ. ಅವುಗಳ ಹಿಂದೆ ಒಂದು ನಿಜವಾದ ಸ್ಥಾನವಿದೆಯೆಂದು ನಂಬಿ, ಸರಾಸರಿಯಿಂದ ಅದನ್ನು ಸಮೀಪಿಸುವುದು ಸಯುಕ್ತಿಕ. ಆದರೆ ಬೆಲ್ಜಿಯಂ ದೇಶದ ಕೆಟ್ಲೆಯೆಂಬ ಖಗೋಲಜ್ಞನು ಇದೇ ವಿಧಾನವನ್ನು ಮನುಷ್ಯರ ಮೇಲೆ ಪ್ರಯೋಗಿಸಿದನು. 1835ರ ತನ್ನ ಗ್ರಂಥದಲ್ಲಿ ‘ಸರಾಸರಿ ಮಾನವ’ನೆಂಬ ಕಲ್ಪನೆಯನ್ನು ಮಂಡಿಸಿದನು. ಮುಂದೆ ಸ್ಕಾಟ್ಲೆಂಡಿನ ಸೈನಿಕರ 5,738 ಎದೆಯಳತೆಗಳನ್ನು ಪರಿಶೀಲಿಸಿ, ಅವು ನಕ್ಷತ್ರವೇಧದ ತಪ್ಪುಗಳಂತೆಯೇ ನಡುವೆ ದಟ್ಟವಾಗಿಯೂ ಅಂಚುಗಳಲ್ಲಿ ವಿರಳವಾಗಿಯೂ ಹರಡಿವೆಯೆಂದು ಕಂಡು, ಪ್ರಕೃತಿಯು ಒಂದೇ ಮಾದರಿಯನ್ನು ಗುರಿಯಿಟ್ಟು ತಪ್ಪುತ್ತಿರುವಂತಿದೆಯೆಂದು ಬಗೆದನು. ಇಲ್ಲಿ ಗಣಿತವು ಸರಿಯಾಗಿಯೇ ಇದೆ, ತಪ್ಪಿರುವುದು ತತ್ತ್ವ. ಆಕಾಶದಲ್ಲಿ ನಕ್ಷತ್ರವಿತ್ತು, ಸೈನಿಕರ ಹಿಂದೆ ಯಾವ ಮೂಲಸೈನಿಕನೂ ನಿಂತಿರಲಿಲ್ಲ.

ಹಾಗಾದರೆ ಭೇದಕ್ಕೆ ಬೆಲೆ ಕೊಟ್ಟೊಡನೆ ಅನ್ಯಾಯವು ನಿಲ್ಲುವುದೇ? ಇಲ್ಲ. ಡಾರ್ವಿನ್ನನ ಬಂಧುವಾದ ಫ್ರಾನ್ಸಿಸ್ ಗಾಲ್ಟನ್ ಸರಾಸರಿಗೆ ಬೆನ್ನು ತಿರುಗಿಸಿ, ಅಂಚಿನಲ್ಲಿರುವವರನ್ನೇ ಅಭ್ಯಸಿಸಿದನು. ಆದರೆ ಆ ಭೇದವನ್ನು ಮೇಲುಕೀಳುಗಳ ಏಣಿಯನ್ನಾಗಿ ಓದಿದನು. 1883ರಲ್ಲಿ ಅವನು ಹೆಸರಿಟ್ಟ ಸುಸಂತಾನಶಾಸ್ತ್ರದ ಪ್ರಭಾವದಿಂದ ಅಮೆರಿಕದ ಹಲವು ರಾಜ್ಯಗಳು ಕಾಯಿದೆಗಳನ್ನು ಮಾಡಿದವು. 1927ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಅಂಥ ಕಾಯಿದೆಯನ್ನು ಎತ್ತಿಹಿಡಿಯಿತು. ಒಟ್ಟು 60,000ಕ್ಕೂ ಹೆಚ್ಚು ಜನರನ್ನು ಬಲವಂತದಿಂದ ಸಂತಾನಹೀನರನ್ನಾಗಿ ಮಾಡಲಾಯಿತು. ಭೇದವನ್ನು ಕಾಣುವ ಕಣ್ಣಿಗೆ ತಾರತಮ್ಯದ ಪೊರೆ ಬಂದರೆ ಅದು ಕುರುಡಿಗಿಂತಲೂ ಕೆಟ್ಟದ್ದು.

ಡಾರ್ವಿನ್ನನ ದಾರಿ ಬೇರೆ. ಅವನು 1846ರಿಂದ 1854ರವರೆಗೆ ಎಂಟು ವರ್ಷ ಕಡಲ ಬಂಡೆಗಳಿಗೆ ಅಂಟಿ ಬದುಕುವ ಬಾರ್ನಕಲ್ ಎಂಬ ಜೀವಿಗಳನ್ನು ಕೊಯ್ದು ನೋಡಿದನು. ಒಂದೇ ಜಾತಿಯೊಳಗೆ ಯಾವ ಅಂಗವೂ ಸ್ಥಿರವಾಗಿಲ್ಲ. ವರ್ಗೀಕರಣ ಮಾಡುವವನಿಗೆ ಇದೊಂದು ಕಾಟ. ಆದರೆ ಆ ಕಾಟವೇ 1859ರ ಅವನ ಸಿದ್ಧಾಂತಕ್ಕೆ ಆಧಾರವಾಯಿತು. ಸಜಾತೀಯ ಭೇದವಿಲ್ಲದಿದ್ದರೆ ಪ್ರಕೃತಿಗೆ ಆಯ್ದುಕೊಳ್ಳಲು ಏನಿರುತ್ತಿತ್ತು? ಜೀವಶಾಸ್ತ್ರದಲ್ಲಿ ಭೇದವು ಕೊರತೆಯಲ್ಲ, ಬಂಡವಾಳ.

1972ರಲ್ಲಿ ರಿಚರ್ಡ್ ಲೆವೊಂಟಿನ್ ಎಂಬ ತಳಿವಿಜ್ಞಾನಿಯು ರಕ್ತದ ಗುಂಪುಗಳನ್ನೂ ಪ್ರೋಟೀನುಗಳನ್ನೂ ಲೆಕ್ಕಹಾಕಿ, ಮನುಷ್ಯಕುಲದ ಒಟ್ಟು ಭೇದದಲ್ಲಿ ಸುಮಾರು ಶೇಕಡ 85 ಭಾಗವು ಒಂದೊಂದು ಜನಸಮುದಾಯದ ಒಳಗೇ ಇದೆಯೆಂದು ತೋರಿಸಿದನು. ಜನಾಂಗಗಳೆಂದು ನಾವು ಕರೆಯುವ ದೊಡ್ಡ ವಿಭಾಗಗಳ ನಡುವೆ ಉಳಿಯುವುದು ಶೇಕಡ 6ರಷ್ಟು ಮಾತ್ರ. ಅನೇಕ ತಳಿಗುರುತುಗಳನ್ನು ಒಟ್ಟಿಗೆ ನೋಡಿದರೆ ವ್ಯಕ್ತಿಯ ಪೂರ್ವಿಕರ ಪ್ರದೇಶವನ್ನು ಊಹಿಸಬಹುದೆಂದು 2003ರಲ್ಲಿ ಎಡ್ವರ್ಡ್ಸ್ ಎಂಬ ವಿದ್ವಾಂಸನು ಆಕ್ಷೇಪಿಸಿದನು. ಆ ಮಾತು ಒಪ್ಪತಕ್ಕದ್ದೇ. ಆದರೆ ಗುರುತು ಹಿಡಿಯಬಹುದೆಂಬುದು ಬೇರೆ, ಗುರುತಿನ ಹಿಂದೆ ಬೇರೆ ಬೇರೆ ಸಾರವಿದೆಯೆಂಬುದು ಬೇರೆ. ಹೊರಗಿನವರಿಗಿಂತ ನಮ್ಮವರೆಂಬವರೇ ನಮ್ಮಿಂದ ಹೆಚ್ಚು ಭಿನ್ನರಾಗಿರಬಹುದೆಂಬುದನ್ನು ಮಠಗಳಲ್ಲಿ ಕುಳಿತು ಕುಲಗೋತ್ರಗಳ ಮಾತನ್ನು ಕೇಳುವ ನಾವೂ ಮನನ ಮಾಡತಕ್ಕದ್ದು.

ಇಷ್ಟರಿಂದ ಎಲ್ಲ ಭೇದವೂ ಪೂಜ್ಯವೆಂದು ಹೊರಡುವುದು ಸೋಮಾರಿತನ. ರಕ್ತದ ಒತ್ತಡ ಏರಿದವನಿಗೆ ವೈದ್ಯನು ‘ಅದು ನಿನ್ನ ವೈಶಿಷ್ಟ್ಯ’ ಎಂದು ಹೇಳಿ ಕಳುಹಿಸಲಾರನು. ಗ್ರಂಥಸಂಪಾದನೆಯಲ್ಲಿಯೂ ಲಿಪಿಕಾರನ ಕೈತಪ್ಪು ಕೈತಪ್ಪೇ. ಆದರೂ ಈ ಶಾಸ್ತ್ರದಲ್ಲಿ ಒಂದು ಅನುಕರಣೀಯ ವಿನಯವಿದೆ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯು 1919ರಲ್ಲಿ ಕೈಗೊಂಡು 1966ರಲ್ಲಿ ಮುಗಿಸಿದ ಮಹಾಭಾರತದ ಪರಿಷ್ಕರಣವನ್ನು ನೋಡಿರಿ. ನೂರಾರು ಹಸ್ತಪ್ರತಿಗಳನ್ನು ತಾಳೆನೋಡಿ ಒಂದು ಪಾಠವನ್ನು ಮೇಲೆ ಮುದ್ರಿಸಿದರು. ಬಿಟ್ಟ ಪಾಠಗಳನ್ನು ಸುಡಲಿಲ್ಲ, ಪುಟದ ಕೆಳಗೆ ಪ್ರತಿಯ ಸಂಕೇತದೊಡನೆ ಕೊಟ್ಟರು. ತಮ್ಮದು ವ್ಯಾಸರ ಕೈಬರಹವಲ್ಲ, ಹಸ್ತಪ್ರತಿಗಳಿಂದ ತಲುಪಬಹುದಾದ ಅತ್ಯಂತ ಹಳೆಯ ರೂಪವೆಂಬುದನ್ನು ಪ್ರಧಾನ ಸಂಪಾದಕ ಸುಕ್ಥಣಕರರು ಸ್ಪಷ್ಟಪಡಿಸಿದರು. ನಮ್ಮ ಶೂನ್ಯಸಂಪಾದನೆಯ ಸಂಗತಿ ಇನ್ನೂ ಜಟಿಲವಾದುದು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರಿಂದ ಅದು ನಾಲ್ಕು ರೂಪಗಳಲ್ಲಿ ಬಂದಿದೆ. ಇವು ಲಿಪಿಕಾರರ ಪ್ರಮಾದಗಳಲ್ಲ. ಒಬ್ಬೊಬ್ಬರೂ ಬೇಕೆಂದೇ ಬೇರೆಯಾಗಿ ಕಟ್ಟಿದ ಕೃತಿಗಳು. ಇವುಗಳಲ್ಲಿ ‘ಸರಿಯಾದುದು ಯಾವುದು’ ಎಂದು ಕೇಳುವವನು ಪ್ರಶ್ನೆಯನ್ನೇ ತಪ್ಪಾಗಿ ಹಾಕಿದ್ದಾನೆ.

ಇನ್ನು ಭಾಷೆ. 9ನೆಯ ಶತಮಾನದ ಕವಿರಾಜಮಾರ್ಗಕಾರನು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳಿದವನಾದರೂ ಬೇರೊಂದು ಪದ್ಯದಲ್ಲಿ ಕನ್ನಡಗಳೆಂದು ಬಹುವಚನವನ್ನು ಬಳಸಿ, ದೇಸಿಯು ಬೇರೆ ಬೇರೆಯಾಗಿರುವುದರಿಂದ ದೋಷವಿಷ್ಟೆಂದು ನಿರ್ಣಯಿಸಲು ಹೊರಟರೆ ಸಾವಿರ ನಾಲಗೆಯ ವಾಸುಕಿಯೂ ಬೇಸರಪಟ್ಟಾನೆಂದು ಒಪ್ಪಿಕೊಂಡನು. ಲಕ್ಷಣಕಾರನ ಬಾಯಿಂದ ಈ ಮಾತು ಬಂದಿತೆಂಬುದು ಗಮನಾರ್ಹ. ಆಧುನಿಕರಲ್ಲಿ ವಿಲಿಯಂ ಲಬೋವ್ 1962ರಲ್ಲಿ ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, ‘ಫೋರ್ತ್ ಫ್ಲೋರ್’ ಎಂಬ ಉತ್ತರವೇ ಬರುವಂತೆ ನೌಕರರನ್ನು ಪ್ರಶ್ನಿಸಿದನು. ಅವರು ರೇಫವನ್ನು ಉಚ್ಚರಿಸುವರೇ ಎಂಬುದು ಅವನ ಕುತೂಹಲ. ಶ್ರೀಮಂತರ ಅಂಗಡಿಯಲ್ಲಿ ಶೇಕಡ 62 ಮಂದಿ, ಮಧ್ಯಮರದರಲ್ಲಿ 51 ಮಂದಿ, ಬಡವರದರಲ್ಲಿ ಸುಮಾರು 20 ಮಂದಿ ಸ್ವಲ್ಪವಾದರೂ ಉಚ್ಚರಿಸಿದರು. ಕೇಳಿಸದವನಂತೆ ಮತ್ತೊಮ್ಮೆ ಕೇಳಿದಾಗ, ಮೊದಲು ಬಿಟ್ಟವರಲ್ಲಿಯೂ ಹಲವರು ಎಚ್ಚರಗೊಂಡು ಉಚ್ಚರಿಸಿದರು. ಅಲ್ಲಿಯವರೆಗೆ ಯಾದೃಚ್ಛಿಕವೆಂದು ತಳ್ಳಿಹಾಕಿದ್ದ ಭೇದದಲ್ಲಿ ಕ್ರಮವಿತ್ತು. ಅದು ಒಬ್ಬನ ನಾಲಗೆಯೊಳಗೇ ಇತ್ತು. ಇದೇ ಸ್ವಗತ ಭೇದ. ವೇದಿಕೆಯ ಮೇಲೆ ‘ಹೋಗುತ್ತೇನೆ’ ಎನ್ನುವ ಪಂಡಿತನು ಮನೆಯ ಪಡಸಾಲೆಯಲ್ಲಿ ‘ಹೋಗ್ತೇನಿ’ ಎಂದೋ ‘ಹೋಗ್ತೀನಿ’ ಎಂದೋ ಅನ್ನುವುದನ್ನು ನಾವೆಲ್ಲರೂ ಬಲ್ಲೆವು.

ನಮ್ಮ ಶಾಲೆಗಳಲ್ಲಿ ಇದರ ಪರಿಣಾಮ ಎಳೆಯರ ಮೇಲಾಗುತ್ತದೆ. ಹಳೆಯ ಮೈಸೂರಿನ ಸೀಮೆಯ ಎಷ್ಟೋ ಮನೆಗಳಲ್ಲಿ ಹಕಾರವು ಜಾರಿಹೋಗಿ ಹಾಲು ‘ಆಲು’ ಆಗಿದೆ. ಮಗುವು ಮನೆಯ ಮಾತನ್ನು ತರಗತಿಯಲ್ಲಿ ಆಡಿದೊಡನೆ ನಗೆಯೇಳುತ್ತದೆ. ಕೆಲವೊಮ್ಮೆ ಉಪಾಧ್ಯಾಯರೂ ನಗುತ್ತಾರೆ. ಹಳಗನ್ನಡದಲ್ಲಿ ಅದೇ ಶಬ್ದ ‘ಪಾಲ್’ ಎಂದಿತ್ತೆಂಬುದನ್ನು ನಗುವವರು ನೆನೆಯುವುದಿಲ್ಲ. ಪಕಾರವು ಸಡಿಲಗೊಂಡು ಹಕಾರವಾದಾಗ ‘ಹಾಲು’ ಎಂದವನೂ ಯಾರದೋ ಕಿವಿಗೆ ಒರಟಾಗಿ ಕೇಳಿಸಿದ್ದಿರಬೇಕು. ಹಾಗೆಂದು ಬರವಣಿಗೆಯಲ್ಲಿ ಹಕಾರವನ್ನು ಕಲಿಸಬಾರದೆಂದಲ್ಲ. ಪರೀಕ್ಷೆ, ಅರ್ಜಿ, ಪತ್ರವ್ಯವಹಾರಗಳಿಗೆ ಏಕರೂಪದ ಬರಹವು ಬೇಕು. ಅದನ್ನು ತಡೆಹಿಡಿದರೆ ಮಗುವಿಗೇ ದ್ರೋಹ. ಉಪಾಧ್ಯಾಯರು ‘ಬರೆಯುವಾಗ ಹೀಗೆ’ ಎನ್ನಬಹುದು, ‘ನಿನ್ನ ನಾಲಗೆ ಹೊಲಸು’ ಎನ್ನಬಹುದು. ಪುಸ್ತಕದಲ್ಲಿ ಬೀಳುವ ಕೆಂಪುಗೆರೆ ಎರಡರಲ್ಲಿಯೂ ಒಂದೇ. ಮೊದಲನೆಯ ಮಗು ಸಂಜೆ ಮನೆಗೆ ಹೋಗಿ ತಾಯಿಯೊಡನೆ ಎಂದಿನಂತೆ ಮಾತನಾಡುತ್ತದೆ. ಎರಡನೆಯದು ತಾಯಿಯ ಮಾತನ್ನು ತಿದ್ದುತ್ತದೆ.