ಕಾಯಕವೂ ಕಾಲಹರಣವೂ

ಮನಸ್ಸಿನಲ್ಲಿ ಒಮ್ಮೆಯಾದರೂ ಹೊಸ ವಿಚಾರ ಮೂಡದ ಮನುಷ್ಯನಿಲ್ಲ. ಮೂಡಿದ ವಿಚಾರವನ್ನು ಕೈಗೆ ತಂದವರು ಮಾತ್ರ ವಿರಳ. ಒಬ್ಬನಿಗೆ ಹಾಡು ಕಟ್ಟುವ ಆಸೆ. ಇನ್ನೊಬ್ಬನಿಗೆ ಹಿರಿಯರ ಬಾಯಲ್ಲಿರುವ ತತ್ವಪದಗಳನ್ನು ಬರೆದಿಡುವ ಹಂಬಲ. ಮತ್ತೊಬ್ಬ ಗೃಹಿಣಿಗೆ ಕೌದಿಯಲ್ಲಿ ಹೊಸ ಚಿತ್ತಾರ ಮೂಡಿಸುವ ಬಯಕೆ. ಎಲ್ಲರೂ ಆಡುವ ಮಾತೊಂದೇ: 'ನಾಳೆ ನೋಡೋಣ.' ಈ ನಾಳೆಯ ಸ್ವರೂಪವೇನೆಂಬುದು ವಿಚಾರಾರ್ಹವಾಗಿದೆ.

ರಾಯಚೂರಿಗೆ ಸಮೀಪದ ಯರಗೇರಾ ಸೀಮೆಯು ಕೃಷ್ಣೆ ತುಂಗಭದ್ರೆಯರ ನಡುವಣ ನಾಡು. ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ಒಕ್ಕಲಿಗನಿಗೆ 'ಹದ'ವೆಂಬ ಮಾತಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹದ ಬಂದಾಗ ಕೂರಿಗೆ ಹೂಡದಿದ್ದರೆ ಹೊಲದ ಹಸಿ ಆರಿಹೋಗುತ್ತದೆ. ಆಮೇಲೆ ಬೀಜವು ಎಷ್ಟು ಗಟ್ಟಿಯಾಗಿದ್ದರೇನು? ಮನಸ್ಸಿನ ವಿಚಾರಕ್ಕೂ ಅಂತಹುದೇ ಹದವುಂಟು.

ಕಾಲಹರಣವು ಯಾವಾಗಲೂ ಸೋಮಾರಿತನದ ರೂಪದಲ್ಲಿಯೇ ಬರುವುದೆಂದು ತಿಳಿಯಬಾರದು. ಅನೇಕ ವೇಳೆ ಅದು ವಿನಯದ ವೇಷ ಧರಿಸಿರುತ್ತದೆ. 'ಇನ್ನೂ ಯೋಗ್ಯತೆ ಬಂದಿಲ್ಲ' ಎಂಬ ಮಾತಿನೊಳಗೆ 'ಮಾಡಿದುದು ಕುಂದಿಲ್ಲದ್ದಾಗಬೇಕು, ಜನ ನಗಬಾರದು' ಎಂಬ ಅಹಂಕಾರವು ಅಡಗಿರುತ್ತದೆ. ಕಲ್ಪನೆಯ ಕೃತಿಗೆ ಕುಂದಿಲ್ಲ; ಕೈಯಿಂದಾದುದಕ್ಕೆ ಕುಂದು ತಪ್ಪದು. ಆ ಕುಂದನ್ನು ಸಹಿಸಲಾರದವನು ಕಲ್ಪನೆಯಲ್ಲಿಯೇ ಸುಖಿಸುತ್ತ ಆಯುಷ್ಯವನ್ನು ಕಳೆಯುತ್ತಾನೆ.

ಸತ್ಸಂಗವೂ ಒಮ್ಮೊಮ್ಮೆ ಕಾಲಹರಣಕ್ಕೆ ನೆಪವಾಗಬಹುದೆಂಬುದನ್ನು ಇದೇ ಜಿಲ್ಲೆಯ ಶರಣದಂಪತಿಗಳ ಕಥೆಯು ತೋರಿಸುತ್ತದೆ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋಗಿ ನೆಲೆಸಿದ ಆಯ್ದಕ್ಕಿ ಮಾರಯ್ಯನು ಅನುಭವಗೋಷ್ಠಿಯಲ್ಲಿ ಮೈಮರೆತಾಗ, ಕಾಯಕ ನಿಂತುಹೋಯಿತೆಂದು ಎಚ್ಚರಿಸಿದವಳು ಸತಿ ಲಕ್ಕಮ್ಮ. ಗೋಷ್ಠಿಯೇನು ಕೆಟ್ಟದ್ದಲ್ಲ, ಆದರೆ ಕೇಳಿದುದು ಕೈಗೆ ಇಳಿಯದಿದ್ದರೆ ಅದು ಬರಿಯ ಕಿವಿಯ ಸುಖವಾಗಿ ಉಳಿಯುವುದು.

'ಅವಸರದಿಂದ ಕಾರ್ಯ ಕೆಡುವುದಿಲ್ಲವೇ? ವಿಚಾರವು ಮಾಗಬೇಡವೇ?' ಎಂದು ಕೆಲವರು ಕೇಳಬಹುದು. ಮಾಗುವುದು ಬೇರೆ, ಮುಂದೂಡುವುದು ಬೇರೆ. ಮಾಗುವ ವಿಚಾರಕ್ಕೆ ದಿನದಿನವೂ ಸ್ವಲ್ಪವಾದರೂ ಕೆಲಸ ಸಲ್ಲುತ್ತಿರುತ್ತದೆ. ಮುಂದೂಡಿದ ವಿಚಾರಕ್ಕೆ ಸಲ್ಲುವುದು ಮಾತು ಮಾತ್ರ.

ಫ. ಗು. ಹಳಕಟ್ಟಿಯವರು (1880–1964) ವಿಜಯಪುರದಲ್ಲಿ ವಕೀಲರಾಗಿದ್ದವರು. ವಚನಗಳ ಓಲೆಗರಿಗಳು ಮನೆಮನೆಗಳಲ್ಲಿ ಹುಳು ಹಿಡಿಯುತ್ತಿದ್ದ ಕಾಲವದು. ವಕೀಲಿ ಮುಗಿಯಲಿ, ಅನುಕೂಲ ಒದಗಲಿ ಎಂದು ಅವರು ಕಾದು ಕುಳಿತಿದ್ದರೆ ಎಷ್ಟು ವಚನಗಳು ಮಣ್ಣುಪಾಲಾಗುತ್ತಿದ್ದವೋ! ಊರೂರು ತಿರುಗಿ ಓಲೆಗರಿಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ತಾವೇ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಒಂದು ಹೆಜ್ಜೆಯಿಟ್ಟ ಮೇಲೆಯೇ ಮುಂದಿನ ಹೆಜ್ಜೆಗೆ ದಾರಿ ಕಂಡಿತು.

ಸದ್ವಿಚಾರವು ಯಾರ ಸ್ವಂತ ಸೊತ್ತೂ ಅಲ್ಲ, ಅದು ಶಿವನು ಇತ್ತ ಪ್ರಸಾದ. ಅದನ್ನು ಬಚ್ಚಿಟ್ಟುಕೊಳ್ಳುವುದು ಸಂಗ್ರಹದೋಷ. ಕಾಯಕವಾಗಿಸಿ ಸಮಾಜಕ್ಕೆ ಸಲ್ಲಿಸುವುದೇ ದಾಸೋಹ. ಆದುದರಿಂದ ಸದ್ಭಕ್ತರು ಪ್ರಾತಃಕಾಲದ ಲಿಂಗಪೂಜೆಯಾದ ಬಳಿಕ ಅರ್ಧ ಗಳಿಗೆಯನ್ನಾದರೂ ಆ ವಿಚಾರಕ್ಕೆ ಮೀಸಲಿಡತಕ್ಕದ್ದು. ಹಾಡಿನ ಒಂದು ಸಾಲು, ಪದದ ಒಂದು ನುಡಿ, ಕೌದಿಯ ಒಂದು ತುಂಡು ಆದರೂ ಸಾಕು. ಬೆಳೆಯನ್ನು ಕೊಡುವವನು ಶಿವನು. ಹದವರಿತು ಬಿತ್ತುವುದಷ್ಟೇ ಭಕ್ತನ ಪಾಲಿನದು.